ಅರಿಶಿನ ಕೊಡಿ, ಆದರೆ ಮೊದಲು ನಾಯಿಯ ಕಿವಿ ಮಡಿಸಿ ನೋಡಿ

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ. ಮನೆಯಲ್ಲಿ 9 ವರ್ಷದ ಲ್ಯಾಬ್ರಡಾರ್ ಇದ್ದಾನೆ, ಹೆಸರು ರಾಜ. ತೂಕ 38 ಕೆಜಿ. ಎರಡು ಮಳೆಗಾಲದಿಂದ ಬೆಳಿಗ್ಗೆ ಏಳುವಾಗ ಹಿಂಗಾಲು ಹಿಡಿದುಕೊಳ್ಳುತ್ತದೆ. ಹತ್ತು ಹದಿನೈದು ಹೆಜ್ಜೆ ಕುಂಟಿ ಆಮೇಲೆ ಸರಿಯಾಗುತ್ತಾನೆ. ಮೊದಲು ಜೀಪಿಗೆ ತಾನೇ ಹಾರುತ್ತಿದ್ದ, ಈಗ ಎತ್ತಿ ಹತ್ತಿಸಬೇಕು. ಡಾಕ್ಟರು ಮೆಲಾಕ್ಸಿಕಾಂ ಅನ್ನುವ ನೋವಿನ ಮಾತ್ರೆ ಬರೆದುಕೊಟ್ಟಿದ್ದಾರೆ. ಕೊಟ್ಟರೆ ಆರಾಮವಾಗಿರುತ್ತಾನೆ. ಆದರೆ ಅದು ಕಿಡ್ನಿಗೆ ಕೆಟ್ಟದ್ದು ಅಂತ ಎಲ್ಲರೂ ಹೆದರಿಸುತ್ತಾರೆ. ನಮ್ಮ ಅತ್ತೆ ಅರಿಶಿನದ ಹಾಲು ಕೊಡು ಅನ್ನುತ್ತಾರೆ. ಅರಿಶಿನ, ಕಾಳುಮೆಣಸು, ಕೊಬ್ಬರಿ ಎಣ್ಣೆ ಸೇರಿಸಿ ಪೇಸ್ಟ್ ಮಾಡುವುದನ್ನು ಮೊಬೈಲಿನಲ್ಲೂ ನೋಡಿದೆ. ಕೊಡಬಹುದಾ? ಎಷ್ಟು? ಮಾತ್ರೆ ನಿಲ್ಲಿಸಬಹುದಾ?

ಉತ್ತರ: ಅರಿಶಿನ ಕೊಡಬಹುದು. ಆದರೆ ಮಾತ್ರೆ ನಿಲ್ಲಿಸಿ ಅದರ ಬದಲಿಗೆ ಅರಿಶಿನ ಕೊಡಬೇಡಿ. ಇನ್ನೊಂದು ಮಾತು. ಅರಿಶಿನದ ಡಬ್ಬಿ ಮುಚ್ಚಳ ತೆಗೆಯುವ ಮೊದಲು ರಾಜನನ್ನು ಜಗಲಿಯ ಬೆಳಕಿನಲ್ಲಿ ಕೂರಿಸಿಕೊಳ್ಳಿ. ಕಿವಿ ಮಡಿಸಿ ಒಳಗೆ ನೋಡಿ. ಕಾಲ್ಬೆರಳಿನ ಸಂದು ಬಿಡಿಸಿ ನೋಡಿ. ಕೊರಳಪಟ್ಟಿ ಬಿಚ್ಚಿ ಅದರ ಅಡಿಯಲ್ಲಿ ಬೆರಳಾಡಿಸಿ. ಉಣುಗು ಕಚ್ಚಿಕೊಂಡಿದೆಯಾ ಅಂತ ಹುಡುಕಿ.

ನೀವು ಹೇಳಿದ ಲಕ್ಷಣ ನೋಡಿದರೆ ಕೀಲು ಸವೆತ ಅಂತಲೇ ಅನ್ನಿಸುತ್ತದೆ. ಲ್ಯಾಬ್ರಡಾರ್‌ಗಳಲ್ಲಿ ಸೊಂಟದ ಕೀಲು ಬೆಳೆಯುವ ವಯಸ್ಸಿನಲ್ಲೇ ಸಡಿಲವಾಗುವುದು ಜಾಸ್ತಿ. ತೊಡೆಮೂಳೆಯ ಗುಂಡು ತನ್ನ ಗುಳಿಯಲ್ಲಿ ಸರಿಯಾಗಿ ಕೂರದೆ ವರ್ಷಗಟ್ಟಲೆ ಉಜ್ಜುತ್ತದೆ. ಮೂಳೆಯ ತುದಿಯಲ್ಲಿರುವ ನುಣುಪಾದ ಮೃದ್ವಸ್ಥಿ ತೆಳುವಾಗುತ್ತದೆ, ಕೀಲಿನ ಒಳಪೊರೆ ಊದಿಕೊಳ್ಳುತ್ತದೆ. ಮಲಗಿ ಎದ್ದಾಗ ಬಿಗಿ, ನಾಲ್ಕು ಹೆಜ್ಜೆ ನಡೆದ ಮೇಲೆ ಸಡಿಲ. ಇದು ಸವೆತದ ಗುರುತು. ಮಳೆಗಾಲದಲ್ಲಿ ತೋಟದ ನಾಯಿ ಓಡಾಡುವುದು ಕಡಿಮೆ, ತಣ್ಣನೆ ನೆಲದಲ್ಲಿ ಮಲಗುವುದು ಜಾಸ್ತಿ. ಹಾಗಾಗಿ ಬಿಗಿತವೂ ಜಾಸ್ತಿ.

ಹಾಗಿದ್ದರೂ ಉಣುಗು ಹುಡುಕಿ ಅಂದಿದ್ದಕ್ಕೆ ಕಾರಣ ಇದೆ. ನಮ್ಮ ಮಲೆನಾಡಿನ ಕಡೆ ನಾಯಿ ಕುಂಟಿದರೆ ಅದು ವಯಸ್ಸಿನ ಕುಂಟೇ ಆಗಿರಬೇಕು ಅಂತಿಲ್ಲ. ಉಣುಗು ಜ್ವರ ಕೂಡ ಕೀಲಿಗೆ ಇಳಿಯುತ್ತದೆ. ಕಂದು ಬಣ್ಣದ ನಾಯಿ ಉಣುಗು ಕಚ್ಚಿದಾಗ ಎರ್ಲಿಕಿಯಾ ಅನ್ನುವ ಸೂಕ್ಷ್ಮಾಣು ರಕ್ತಕ್ಕೆ ಸೇರಿ ಬಿಳಿ ರಕ್ತಕಣಗಳ ಒಳಗೆ ಕೂರುತ್ತದೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್ಲೆಟ್ ಕಡಿಮೆಯಾಗುತ್ತದೆ. ಕೆಲವು ನಾಯಿಗಳಲ್ಲಿ ಕೀಲುಗಳೂ ಊದಿಕೊಳ್ಳುತ್ತವೆ.

ಸಕಲೇಶಪುರದ ಕಡೆಯ ಒಂದು ತೋಟದಿಂದ 5 ವರ್ಷದ ಜರ್ಮನ್ ಶೆಫರ್ಡ್ ಹೆಣ್ಣು ನಾಯಿಯನ್ನು ನನ್ನ ಹತ್ತಿರ ತಂದಿದ್ದರು. ಅದಕ್ಕೆ ಎರಡು ತಿಂಗಳಿಂದ ತುಂಬ ಶ್ರದ್ಧೆಯಿಂದ ಅರಿಶಿನದ ಪೇಸ್ಟ್ ಕೊಟ್ಟಿದ್ದರು. ಒಂದು ವಾರ ಮುಂಗಾಲು ಕುಂಟುತ್ತದೆ, ಮುಂದಿನ ವಾರ ಹಿಂಗಾಲು ಅಂದರು. ಆ ಮಾತು ಕೇಳಿಯೇ ನನಗೆ ಅನುಮಾನ ಬಂತು. ಸವೆದ ಕೀಲು ಹಾಗೆ ಜಾಗ ಬದಲಿಸುವುದಿಲ್ಲ. ತುಟಿ ಎತ್ತಿದೆ, ಒಸಡು ಸುಣ್ಣದ ಹಾಗೆ ಬೆಳ್ಳಗಿತ್ತು. ಮಗುಚಿ ಮಲಗಿಸಿ ಹೊಟ್ಟೆಯ ಕೂದಲು ಸರಿಸಿದೆ, ಸಾಸಿವೆ ಕಾಳಿನಷ್ಟು ಸಣ್ಣ ಸಣ್ಣ ಕೆಂಪು ಚುಕ್ಕೆಗಳು. ಚರ್ಮದ ಅಡಿಯಲ್ಲಿ ರಕ್ತ ಜಿನುಗುತ್ತಿತ್ತು. ರಕ್ತ ಪರೀಕ್ಷೆಯಲ್ಲಿ ಉಣುಗು ಜ್ವರ ಅಂತ ಖಚಿತವಾಯಿತು. 28 ದಿನ ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯೋಟಿಕ್ ಕೊಟ್ಟೆವು, ಚೇತರಿಸಿಕೊಂಡಳು. ಅರಿಶಿನದಿಂದ ಆ ನಾಯಿಗೆ ಕಾಯಿಲೆ ಬಂದಿದ್ದಲ್ಲ. ಆದರೆ ಅರಿಶಿನ ನಂಬಿಕೊಂಡು ಎರಡು ತಿಂಗಳು ಕಳೆದುಹೋಗಿತ್ತು. ಜೊತೆಗೆ ಅರಿಶಿನದಲ್ಲಿರುವ ಕರ್ಕ್ಯುಮಿನ್ ಅನ್ನುವ ಅಂಶಕ್ಕೆ ಪ್ಲೇಟ್ಲೆಟ್‌ಗಳು ಅಂಟಿಕೊಳ್ಳುವುದನ್ನು ಸ್ವಲ್ಪ ತಡೆಯುವ ಗುಣ ಇದೆ. ಪ್ಲೇಟ್ಲೆಟ್ ಕುಸಿದ ನಾಯಿಗೆ ಅದು ಬೇಡವೇ ಬೇಡ.

ಹಾಗಾಗಿ ಕುಂಟು ಕಾಲಿನಿಂದ ಕಾಲಿಗೆ ಬದಲಾಗುತ್ತಿದ್ದರೆ, ಊಟ ಬಿಟ್ಟರೆ, ಒಸಡು ಬಿಳಿಚಿಕೊಂಡರೆ, ಜ್ವರ ಇದ್ದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ. ನಾಯಿಯ ಮೈ ಶಾಖ ಸಹಜವಾಗಿಯೇ ನಮಗಿಂತ ಜಾಸ್ತಿ, 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಮೂಗು ಮುಟ್ಟಿ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟೇ ನೋಡಬೇಕು. ಇನ್ನೊಂದು ವಿಷಯ. ನಡೆಯುವಾಗ ಹಿಂಗಾಲಿನ ಪಾದ ಮಗುಚಿ ನೆಲಕ್ಕೆ ಎಳೆಯುತ್ತಿದ್ದರೆ, ಉಗುರಿನ ಮೇಲ್ಭಾಗ ಸವೆದಿದ್ದರೆ ಅದು ಬೆನ್ನಿನ ನರದ ತೊಂದರೆ ಇರಬಹುದು. ಅಲ್ಲಿ ಅರಿಶಿನ ಏನೂ ಮಾಡಲಾರದು. ರಾಜನಿಗೆ ಇಲ್ಲಿವರೆಗೂ ಸೊಂಟದ ಎಕ್ಸ್‌ರೇ ತೆಗೆಸಿಲ್ಲ ಅಂದರೆ ಒಮ್ಮೆ ಬೇಲೂರು ದಾರಿಯಲ್ಲಿ ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಕರೆದುಕೊಂಡು ಹೋಗಿ ಬನ್ನಿ. ಒಂದು ದಿನದ ಓಡಾಟ, ಆದರೆ ಮುಂದಿನ ನಾಲ್ಕೈದು ವರ್ಷ ಏನು ಮಾಡಬೇಕು ಅನ್ನುವುದು ಅದರಿಂದ ಗೊತ್ತಾಗುತ್ತದೆ.

ಇನ್ನು ಅರಿಶಿನಕ್ಕೆ ಬರೋಣ. ಅದರ ಹಳದಿ ಬಣ್ಣವೇ ಕರ್ಕ್ಯುಮಿನ್. ಊತ, ನೋವು ಹೆಚ್ಚಿಸುವ ಕೆಲವು ರಾಸಾಯನಿಕಗಳನ್ನು ಅದು ತಗ್ಗಿಸುತ್ತದೆ ಅನ್ನುವುದು ಪ್ರಯೋಗಾಲಯದಲ್ಲಿ ಮತ್ತೆ ಮತ್ತೆ ಕಂಡಿರುವ ಸಂಗತಿ. ಅಜ್ಜಿಯರ ಮಾತು ಸುಳ್ಳಲ್ಲ. ತೊಂದರೆ ಇರುವುದು ಲೆಕ್ಕದಲ್ಲಿ. 100 ಗ್ರಾಂ ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು 3 ಗ್ರಾಂ. ಒಂದು ಸಮ ಟೀ ಚಮಚ ಪುಡಿ ಅಂದರೆ 3 ಗ್ರಾಂ, ಅದರಲ್ಲಿ ಕರ್ಕ್ಯುಮಿನ್ 90 ಮಿಲಿಗ್ರಾಂ ಆಸುಪಾಸು. 2014ರಲ್ಲಿ ಥಾಯ್ಲೆಂಡಿನಲ್ಲಿ ಮಂಡಿನೋವಿನ ಜನರ ಮೇಲೆ ಒಂದು ದೊಡ್ಡ ಪರೀಕ್ಷೆ ನಡೆಯಿತು. ನಾಲ್ಕು ವಾರದಲ್ಲಿ ಅರಿಶಿನದ ಸಾರ ಐಬುಪ್ರೊಫೆನ್‌ಗೆ ಹೆಚ್ಚುಕಡಿಮೆ ಸಮನಾಗಿ ನೋವು ಇಳಿಸಿತು. ಆದರೆ ಅವರು ಕೊಟ್ಟಿದ್ದು ಅಡುಗೆಮನೆಯ ಪುಡಿಯಲ್ಲ, ಸಾಂದ್ರಗೊಳಿಸಿದ ಸಾರ, ದಿನಕ್ಕೆ 1500 ಮಿಲಿಗ್ರಾಂ. ಅಷ್ಟನ್ನು ಪುಡಿಯಿಂದ ತುಂಬಿಸಲು ಹೋದರೆ ನಾಯಿಯ ಹೊಟ್ಟೆ ಕೆಡುತ್ತದೆ, ಅಷ್ಟೆ.

ಹೊಟ್ಟೆಗೆ ಹೋದ ಕರ್ಕ್ಯುಮಿನ್ ಕೂಡ ಪೂರ್ತಿ ರಕ್ತಕ್ಕೆ ಸೇರುವುದಿಲ್ಲ. ನೀರಿನಲ್ಲಿ ಅದು ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಸ್ವಲ್ಪ ಒಳಗೆ ಹೋದರೂ ಯಕೃತ್ತು ಅದನ್ನು ಬೇಗ ಹೊರಗೆ ಕಳಿಸುತ್ತದೆ. ಕಾಳುಮೆಣಸು ಬರುವುದು ಇಲ್ಲಿಯೇ. ಮೆಣಸಿನ ಖಾರದ ಅಂಶ ಪೈಪರಿನ್ ಯಕೃತ್ತಿನ ಆ ಕೆಲಸವನ್ನು ನಿಧಾನ ಮಾಡುತ್ತದೆ. ಇದನ್ನು ತೋರಿಸಿದ ಹೆಸರಾಂತ ಅಧ್ಯಯನ ನಮ್ಮ ಬೆಂಗಳೂರಿನದೇ, ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ನಡೆದದ್ದು, 1998ರಲ್ಲಿ ಪ್ರಕಟವಾಯಿತು. ಪೈಪರಿನ್ ಜೊತೆ ಕೊಟ್ಟಾಗ ಮನುಷ್ಯರ ರಕ್ತದಲ್ಲಿ ಕರ್ಕ್ಯುಮಿನ್ 20 ಪಟ್ಟು ಏರಿತು. ಇಲಿಗಳಲ್ಲಿ ಏರಿದ್ದು ಒಂದೂವರೆ ಪಟ್ಟು ಮಾತ್ರ. ನೋಡಿ, ಪ್ರಾಣಿ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಆ 20 ಪಟ್ಟನ್ನು ಹಾಗೇ ತಂದು ನಾಯಿಗೆ ಹಾಕಿ ಹೇಳುವವರ ಮಾತು ನಂಬಬೇಡಿ. ಆ ಅಧ್ಯಯನದಲ್ಲಿ ನಾಯಿಗಳು ಇರಲೇ ಇಲ್ಲ.

ನಾಯಿಗಳ ಮೇಲೆ ಏನು ನಡೆದಿದೆ? 2003ರಲ್ಲಿ ಇಂಗ್ಲೆಂಡಿನಿಂದ ಒಂದು ಒಳ್ಳೆಯ ಅಧ್ಯಯನ ಬಂತು. ಸೊಂಟ ಅಥವಾ ಮೊಣಕೈ ಕೀಲು ಸವೆದ ಮನೆನಾಯಿಗಳಿಗೆ ಎಂಟು ವಾರ ಅರಿಶಿನ ಜಾತಿಯ ಗಿಡಗಳ ಸಾರ ಕೊಟ್ಟರು, ಇನ್ನೊಂದು ಗುಂಪಿಗೆ ಸುಮ್ನೆ ಖಾಲಿ ಮಾತ್ರೆ. ಕಾಲಿನ ಭಾರ ಅಳೆಯುವ ತಟ್ಟೆಯ ಮೇಲೆ ನಡೆಸಿ ನೋಡಿದಾಗ ಎರಡೂ ಗುಂಪಿಗೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆದರೆ ಪರೀಕ್ಷೆ ಮಾಡಿದ ವೈದ್ಯರು ಒಟ್ಟಾರೆ ನೋಡಿದಾಗ ಸಾರ ತಿಂದ ನಾಯಿಗಳು ವಾಸಿ ಅನ್ನಿಸಿತು. ಯಂತ್ರಕ್ಕೆ ಕಾಣಲಿಲ್ಲ, ಕಣ್ಣಿಗೆ ಸ್ವಲ್ಪ ಕಂಡಿತು. ನನ್ನ ಅನುಭವವೂ ಹೆಚ್ಚುಕಡಿಮೆ ಅಷ್ಟೇ. ಕೆಲವು ನಾಯಿಗಳು ಬೆಳಿಗ್ಗೆ ಸ್ವಲ್ಪ ಹಗುರವಾಗಿ ಏಳುತ್ತವೆ. ಕೆಲವಕ್ಕೆ ಏನೂ ಆಗುವುದಿಲ್ಲ. ಜೀಪಿಗೆ ಹಾರದ ನಾಯಿ ಅರಿಶಿನ ಒಂದರಿಂದಲೇ ಹಾರಿದ್ದನ್ನು ನಾನು ನೋಡಿಲ್ಲ.

ಇಷ್ಟು ತಿಳಿದೂ ಕೊಟ್ಟು ನೋಡುತ್ತೇನೆ ಅಂದರೆ ಹೀಗೆ ಮಾಡಿ. ಹಿತ್ತಲಲ್ಲಿ ಬೆಳೆದು, ಬೇಯಿಸಿ, ಒಣಗಿಸಿದ ಕೊಂಬು ಇದ್ದರೆ ಅದೇ ಒಳ್ಳೆಯದು. ಅಂಗಡಿಯದಾದರೆ ಮಿರಮಿರ ಹೊಳೆಯುವ ಕೊಂಬು ತೆಗೆದುಕೊಳ್ಳಬೇಡಿ, ಬಣ್ಣ ಬರಲಿ ಅಂತ ಸೀಸದ ಕ್ರೋಮೇಟ್ ಉಜ್ಜುವ ಕೆಟ್ಟ ಪದ್ಧತಿ ಈ ವ್ಯಾಪಾರದಲ್ಲಿ ಇದೆ. ಪೂಜೆಗೆ ಮಾರುವ ಅರಿಶಿನ ಪುಡಿಯನ್ನಂತೂ ಮುಟ್ಟಲೇಬೇಡಿ, ಅದು ತಿನ್ನುವುದಕ್ಕೆ ಮಾಡಿದ್ದಲ್ಲ. ಎರಡು ದೊಡ್ಡ ಚಮಚ ಪುಡಿಗೆ ನಾಲ್ಕು ದೊಡ್ಡ ಚಮಚ ನೀರು ಹಾಕಿ ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಕೈಯಾಡಿಸಿ. ತಳ ಬಿಟ್ಟು ಗಟ್ಟಿಯಾದಾಗ ಇಳಿಸಿ. ಬಿಸಿ ಆರಿದ ಮೇಲೆ ಒಂದು ದೊಡ್ಡ ಚಮಚ ಕೊಬ್ಬರಿ ಎಣ್ಣೆ ಕಲಸಿ. ಗಾಜಿನ ಬಾಟಲಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ. ಒಂದು ವಾರಕ್ಕೆ ಬೇಕಾದಷ್ಟೇ ಮಾಡಿಕೊಳ್ಳಿ.

ಮೆಣಸು ಎಲ್ಲಿ ಹೋಯಿತು ಅಂತ ಕೇಳುತ್ತೀರಿ. ನಿಮ್ಮ ತೋಟದ ಸಿಲ್ವರ್ ಮರದ ಮೇಲೆಲ್ಲ ಬಳ್ಳಿ ಹಬ್ಬಿದೆ, ಅಡುಗೆಮನೆಯಲ್ಲಿ ಡಬ್ಬಿ ತುಂಬ ಇದೆ, ನಿಜ. ಆದರೆ ರಾಜ ಮಾತ್ರೆ ತಿನ್ನುತ್ತಿದ್ದಾನೆ. ಪೈಪರಿನ್ ಯಕೃತ್ತನ್ನು ನಿಧಾನ ಮಾಡುವುದು ಕರ್ಕ್ಯುಮಿನ್ ಒಂದರ ವಿಷಯದಲ್ಲಿ ಅಲ್ಲ, ಬೇರೆ ಔಷಧಿಗಳ ವಿಷಯದಲ್ಲೂ ಮಾಡಬಹುದು. ಅಳತೆ ಹಾಕಿ ಕೊಡುವ ಔಷಧಿ ಮೈಯಲ್ಲಿ ಅಳತೆ ಮೀರಿ ಉಳಿಯಬಾರದು ಅಲ್ವಾ? ಅದಕ್ಕೇ ಮಾತ್ರೆ ನಡೆಯುತ್ತಿರುವಾಗ ಮೆಣಸು ಬೇಡ ಅಂತ ನಾನು ಹೇಳುತ್ತೇನೆ. ಯಾವ ಮಾತ್ರೆಯೂ ಇಲ್ಲದ ನಾಯಿಗಾದರೆ, ಮೇಲೆ ಹೇಳಿದ ಅಳತೆಗೆ ಆಗತಾನೇ ಕುಟ್ಟಿದ ಮೆಣಸು ಕಾಲು ಟೀ ಚಮಚ ಸಾಕು.

ರಾಜನ ತೂಕದ ನಾಯಿಗೆ ಮೊದಲ ವಾರ ದಿನಕ್ಕೆ ಒಂದು ಸಲ ಕಾಲು ಟೀ ಚಮಚ ಪೇಸ್ಟ್, ಊಟದ ಜೊತೆ. ಮಲ ಸರಿ ಇದ್ದರೆ ಎರಡನೇ ವಾರ ಎರಡು ಹೊತ್ತು. ಅಲ್ಲಿಂದ ನಿಧಾನಕ್ಕೆ ಅರ್ಧ ಟೀ ಚಮಚ ಎರಡು ಹೊತ್ತು, ಅದಕ್ಕಿಂತ ಮೇಲೆ ಹೋಗಬೇಡಿ. ಭೇದಿ ಆದರೆ, ವಾಂತಿ ಮಾಡಿದರೆ, ಊಟ ಮೂಸಿ ಬಿಟ್ಟುಹೋದರೆ ನಿಲ್ಲಿಸಿ. ಅತ್ತೆಯವರ ಅರಿಶಿನದ ಹಾಲಿನಲ್ಲಿ ಅರಿಶಿನ ಸರಿ, ಹಾಲು ಸರಿಯಲ್ಲ. ಮರಿತನ ದಾಟಿದ ನಾಯಿಗಳಿಗೆ ಹಾಲಿನ ಸಕ್ಕರೆ ಜೀರ್ಣವಾಗುವುದು ಕಷ್ಟ. ಬೆಲ್ಲ ಹಾಕಿದರೆ ತೂಕವೂ ಏರುತ್ತದೆ. ಒಗ್ಗರಣೆಯ ಈರುಳ್ಳಿ, ಬೆಳ್ಳುಳ್ಳಿ ಸೋಕಿದ ಅನ್ನಕ್ಕೆ ಕಲಸಲೂ ಬೇಡಿ. ಅವೆರಡೂ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ.

ಪಿತ್ತಕೋಶದ ತೊಂದರೆ ಇರುವ ನಾಯಿಗೆ, ಗಬ್ಬದ ನಾಯಿಗೆ, ಮೂತ್ರದಲ್ಲಿ ಆಕ್ಸಲೇಟ್ ಕಲ್ಲು ಆಗಿದ್ದ ನಾಯಿಗೆ ಅರಿಶಿನ ಕೊಡಬೇಡಿ. ಆಪರೇಷನ್ ಇದ್ದರೆ ಎರಡು ವಾರ ಮೊದಲೇ ನಿಲ್ಲಿಸಿ. ಮತ್ತೆ ಒಂದು ವಿಷಯ ದಯವಿಟ್ಟು ನೆನಪಿಡಿ. ಅರಿಶಿನ ತಿನ್ನುವ ನಾಯಿಯ ತುಟಿ, ಗಡ್ಡದ ಕೂದಲು, ಹಲ್ಲು ಹಳದಿಯಾಗುತ್ತದೆ. ಅದು ಬರೀ ಕಲೆ. ಆದರೆ ಕಣ್ಣಿನ ಬಿಳಿ ಭಾಗಕ್ಕೆ ಅರಿಶಿನದ ಬಣ್ಣ ಬರುವುದಿಲ್ಲ. ಮೇಲಿನ ರೆಪ್ಪೆ ಮೆಲ್ಲಗೆ ಎತ್ತಿ ನೋಡಿ. ಕಣ್ಣು ಹಳದಿ ಇದ್ದರೆ ಅದು ಕಾಮಾಲೆ. ಇಲಿಜ್ವರ ಇರಬಹುದು, ಉಣುಗಿನಿಂದ ಬರುವ ಬೆಬೀಸಿಯಾ ಇರಬಹುದು. "ಅರಿಶಿನ ಕೊಡ್ತಿದ್ದೀವಲ್ಲ, ಅದಕ್ಕೇ ಹಳದಿ" ಅಂತ ಕಾಯಬೇಡಿ. ಅದೇ ದಿನ ಡಾಕ್ಟರ ಹತ್ತಿರ ಹೋಗಿ.

ಈಗ ನಿಮ್ಮ ಮಾತ್ರೆಯ ಹೆದರಿಕೆ. ಅದು ಪೂರ್ತಿ ಸುಳ್ಳಲ್ಲ. ಮೆಲಾಕ್ಸಿಕಾಂ ಹೊಟ್ಟೆಯಲ್ಲಿ ಹುಣ್ಣು ಮಾಡಬಹುದು, ಕಿಡ್ನಿಗೆ ಪೆಟ್ಟು ಕೊಡಬಹುದು. ಆದರೆ ಹಾಗಾಗುವುದು ಹೆಚ್ಚಾಗಿ ಅಳತೆ ತಪ್ಪಿದಾಗ, ಖಾಲಿ ಹೊಟ್ಟೆಗೆ ಕೊಟ್ಟಾಗ, ಮೈಯಲ್ಲಿ ನೀರು ಕಡಿಮೆ ಇದ್ದಾಗ, ಮೊದಲೇ ಕಿಡ್ನಿ ಕೆಟ್ಟಿದ್ದಾಗ, ಅಥವಾ ಜೊತೆಗೆ ಇನ್ನೊಂದು ನೋವಿನ ಮಾತ್ರೆಯನ್ನೋ ಸ್ಟೀರಾಯ್ಡನ್ನೋ ಕೊಟ್ಟಾಗ. ನಾಯಿಗೆ ಮೊದಲ ದಿನ ಕೆಜಿಗೆ 0.2 ಮಿಲಿಗ್ರಾಂ, ಆಮೇಲೆ ದಿನಕ್ಕೊಮ್ಮೆ ಕೆಜಿಗೆ 0.1 ಮಿಲಿಗ್ರಾಂ ಅನ್ನುವುದು ರೂಢಿಯ ಅಳತೆ. 38 ಕೆಜಿಗೆ ಅದು 3.8 ಮಿಲಿಗ್ರಾಂ. ಮನುಷ್ಯರ ಮೆಡಿಕಲ್ ಶಾಪಿನಲ್ಲಿ ಸಿಗುವ ಮಾತ್ರೆ 7.5 ಅಥವಾ 15 ಮಿಲಿಗ್ರಾಂ. ಚೀಟಿ ಸರಿಯಾಗಿ ಓದದೆ ದಿನಾ ಒಂದು ಪೂರ್ತಿ ಮಾತ್ರೆ ಕೊಟ್ಟರೆ ಎರಡು ಪಟ್ಟೋ ನಾಲ್ಕು ಪಟ್ಟೋ ಆಗುತ್ತದೆ. ನಿಮ್ಮ ಹತ್ತಿರ ಇರುವ ಮಾತ್ರೆ ಎಷ್ಟು ಮಿಲಿಗ್ರಾಮಿನದು, ಡಾಕ್ಟರು ಎಷ್ಟು ಬರೆದಿದ್ದಾರೆ ಅಂತ ಇವತ್ತೇ ತಾಳೆ ನೋಡಿ. ಯಕೃತ್ತು ಮತ್ತು ಕಿಡ್ನಿಯ ರಕ್ತ ಪರೀಕ್ಷೆ ಆರು ತಿಂಗಳಿಗೊಮ್ಮೆ ಮಾಡಿಸಿ. ಮಲ ಟಾರಿನ ಹಾಗೆ ಕಪ್ಪಾದರೆ, ವಾಂತಿ ಶುರುವಾದರೆ ಮಾತ್ರೆ ನಿಲ್ಲಿಸಿ ಫೋನ್ ಮಾಡಿ. ಮನೆಯಲ್ಲಿರುವ ಡೈಕ್ಲೋಫೆನಾಕ್, ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಯಾವುದನ್ನೂ ನಿಮ್ಮಷ್ಟಕ್ಕೆ ನೀವೇ ಕೊಡಬೇಡಿ. ನಾಯಿಗೆ ನೋವಿದೆ ಅಂತ ಪ್ರೀತಿಯಿಂದಲೇ ಕೊಟ್ಟು, ಮೂರನೇ ದಿನ ರಕ್ತವಾಂತಿ ಆದ ನಾಯಿಯನ್ನು ಹೊತ್ತು ತಂದವರನ್ನು ನೋಡಿದ್ದೇನೆ. ಆ ಮನೆಯವರ ಮುಖ ಇನ್ನೂ ನೆನಪಿದೆ.

ಮಾತ್ರೆ ಕಡಿಮೆಯಾಗಬೇಕು ಅನ್ನುವ ನಿಮ್ಮ ಆಸೆ ಸರಿಯಾದದ್ದೇ. ಅದಕ್ಕೆ ದಾರಿ ರಾಜನ ತಟ್ಟೆಯಲ್ಲಿದೆ. ಅವನ ಪಕ್ಕೆಲುಬಿನ ಮೇಲೆ ಕೈಯಾಡಿಸಿ. ಆಮೇಲೆ ನಿಮ್ಮ ಒಂದು ಕೈ ಚಾಚಿ, ಇನ್ನೊಂದು ಕೈಯಿಂದ ಅದರ ಹಿಂಭಾಗದ ಮೂಳೆಗಳನ್ನು ಸವರಿ. ಎಲುಬು ಹಾಗೆ ಸಿಕ್ಕರೆ ತೂಕ ಸರಿ. ಅಂಗೈ ಸವರಿದ ಹಾಗೆ ಮೆತ್ತಗಿದ್ದು ಎಲುಬು ಸಿಗದಿದ್ದರೆ ಕೊಬ್ಬು ಜಾಸ್ತಿ. 38 ಕೆಜಿ ಲ್ಯಾಬ್ರಡಾರ್‌ನಲ್ಲಿ ಎಲುಬು ಸಿಗುವುದು ನನಗೆ ಅನುಮಾನ. ಕೀಲು ಸವೆದ ದಪ್ಪ ನಾಯಿಗಳು ತೂಕದ 6 ಶೇಕಡಾ ಇಳಿಸಿದಾಗಲೇ ಕುಂಟು ಕಡಿಮೆಯಾದದ್ದು 2010ರ ಅಧ್ಯಯನದಲ್ಲಿ ಕಂಡಿದೆ. ರಾಜನಿಗೆ ಅದು ಎರಡೂಕಾಲು ಕೆಜಿ, ಅಷ್ಟೇ. ಇನ್ನೊಂದು ಅಧ್ಯಯನ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೆ ನೋಡಿತು. ಎರಡೆರಡು ನಾಯಿಗಳ ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲುಭಾಗ ಕಡಿಮೆ ಊಟ ಕೊಟ್ಟರು. ಕಡಿಮೆ ತಿಂದ ನಾಯಿಗಳು ಸುಮಾರು 13 ವರ್ಷ ಬದುಕಿದವು, ಉಳಿದವು 11 ವರ್ಷ ಚಿಲ್ಲರೆ. ಕೀಲು ಸವೆತವೂ ತಡವಾಗಿ ಬಂತು. ಅರಿಶಿನಕ್ಕೆ ಇಷ್ಟು ಗಟ್ಟಿ ಸಾಕ್ಷಿ ಎಲ್ಲೂ ಇಲ್ಲ.

ಮನೆಯಲ್ಲಿ ಹಾಕುವ ಮುದ್ದೆ, ಅನ್ನವನ್ನು ಕಾಲುಭಾಗ ಕಡಿಮೆ ಮಾಡಿ. ಆ ಜಾಗಕ್ಕೆ ಉಪ್ಪು ಖಾರ ಇಲ್ಲದೆ ಬೇಯಿಸಿದ ಹುರುಳಿಕಾಯಿಯನ್ನೋ ಸೋರೆಕಾಯಿಯನ್ನೋ ಹಾಕಿ, ಹೊಟ್ಟೆ ತುಂಬುತ್ತದೆ. ತೋಟದ ನಾಯಿಗಳ ವಿಷಯದಲ್ಲಿ ಇನ್ನೊಂದು ಕಷ್ಟ ಇದೆ. ಮನೆಯಲ್ಲಿ ಎಷ್ಟು ಅಳೆದು ಹಾಕಿದರೂ ತೋಟದ ಕೆಲಸಗಾರರ ಲೈನ್ ಮನೆಗಳ ಕಡೆ ಒಂದು ಸುತ್ತು ಹೋದರೆ ಅಲ್ಲೊಂದು ರೊಟ್ಟಿ, ಇಲ್ಲೊಂದು ಕಡುಬು ಸಿಗುತ್ತದೆ. ಅವರೂ ಅಕ್ಕರೆಯಿಂದಲೇ ಹಾಕುವುದು. ನೀವೇ ಹೋಗಿ ಕಾಲುನೋವಿನ ವಿಷಯ ಹೇಳಿ. ಕಾರಣ ಗೊತ್ತಾದರೆ ಅವರೇ ಕಾಯುತ್ತಾರೆ. ವಾರಕ್ಕೆ ಎರಡು ಮೂರು ದಿನ ಭೂತಾಯಿ ಮೀನು ಕುಕ್ಕರಿನಲ್ಲಿ ಮುಳ್ಳು ಮೆತ್ತಗಾಗುವ ತನಕ ಬೇಯಿಸಿ ಒಂದೆರಡು ಹಾಕಿ, ಅಷ್ಟು ಅನ್ನ ಕಡಿಮೆ ಮಾಡಿ. ಮೀನೆಣ್ಣೆಯ ಒಮೆಗಾ 3 ನಾಯಿಯ ಕೀಲಿಗೆ ಒಳ್ಳೆಯದು ಅನ್ನುವುದಕ್ಕೆ ಅರಿಶಿನಕ್ಕಿಂತ ಒಳ್ಳೆಯ ಸಾಕ್ಷಿ ಇದೆ.

ನಡಿಗೆ ನಿಲ್ಲಿಸಬೇಡಿ. ವಾರವಿಡೀ ಮಲಗಿಸಿ ಭಾನುವಾರ ತೋಟ ಪೂರ್ತಿ ಸುತ್ತಿಸುವುದು ತಪ್ಪು. ದಿನಕ್ಕೆ ಎರಡು ಸಲ, 15-20 ನಿಮಿಷ, ಸಮತಟ್ಟು ದಾರಿಯಲ್ಲಿ, ಹಗ್ಗ ಹಿಡಿದು ನಡೆಸಿ. ಹಳೆ ಮನೆಯ ರೆಡ್ ಆಕ್ಸೈಡ್ ನೆಲ ನೋಡಲು ಚಂದ, ಆದರೆ ಸೊಂಟ ಸೋತ ನಾಯಿಗೆ ಅದು ಪಾಚಿಗಟ್ಟಿದ ಮೆಟ್ಟಿಲಿನ ಹಾಗೆ. ಅವನು ಮಲಗುವ ಕಡೆಯಿಂದ ಬಾಗಿಲ ತನಕ ಗೋಣಿಚೀಲ ಹಾಸಿ. ಹಾಸಿಗೆಗೆ ಎರಡು ಗೋಣಿ ಜೋಡಿಸಿ ಒಳಗೆ ಒಣ ಹುಲ್ಲು ತುಂಬಿ, ವಾರಕ್ಕೊಮ್ಮೆ ಬದಲಿಸಿ, ಇಲ್ಲದಿದ್ದರೆ ಅಲ್ಲೇ ಉಣುಗು ಮನೆ ಮಾಡುತ್ತದೆ. ಬೆಳೆದ ಉಗುರು ಕತ್ತರಿಸಿ. ಜೀಪಿಗೆ ಒಂದು ಅಗಲದ ಹಲಗೆ ಓರೆಯಾಗಿ ಇಟ್ಟು, ಅದಕ್ಕೂ ಗೋಣಿ ಹೊಡೆದುಬಿಡಿ. ಬಿಸ್ಕೆಟ್ಟಿನ ಒಂದು ಚೂರು ತೋರಿಸಿದರೆ ಎರಡೇ ದಿನದಲ್ಲಿ ತಾನೇ ಹತ್ತುವುದನ್ನು ಕಲಿಯುತ್ತಾನೆ.

ಇವೆಲ್ಲ ಒಟ್ಟಿಗೆ ಶುರು ಮಾಡಿದರೆ ಯಾವುದರಿಂದ ಗುಣ ಕಂಡಿತು ಅಂತ ಗೊತ್ತಾಗುವುದಿಲ್ಲ. ಊಟ, ನಡಿಗೆ, ಗೋಣಿಚೀಲ ಇವತ್ತಿನಿಂದಲೇ ಆಗಲಿ. ಅರಿಶಿನಕ್ಕೆ ಒಂದು ತಿಂಗಳು ಕಾಯಿರಿ. ನಾಳೆ ಬೆಳಿಗ್ಗೆ ರಾಜ ಎದ್ದ ಕೂಡಲೇ ಕಾಫಿ ಕಣದ ಮೇಲೆ ಈ ತುದಿಯಿಂದ ಆ ತುದಿಗೆ ನಡೆಸಿ, ಮೊಬೈಲಿನಲ್ಲಿ ವಿಡಿಯೋ ಮಾಡಿ. ಒಮ್ಮೆ ಪಕ್ಕದಿಂದ, ಒಮ್ಮೆ ಹಿಂದಿನಿಂದ. ಎಷ್ಟನೇ ಹೆಜ್ಜೆಗೆ ಕುಂಟು ಬಿಟ್ಟ ಅಂತ ಎಣಿಸಿ ಕ್ಯಾಲೆಂಡರಿನಲ್ಲಿ ಬರೆಯಿರಿ. ವಾರಕ್ಕೊಮ್ಮೆ ಅದೇ ಹೊತ್ತಿಗೆ, ಅದೇ ಜಾಗದಲ್ಲಿ. ಅರಿಶಿನ ಶುರು ಮಾಡಿ ಎಂಟು ವಾರವಾದ ಮೇಲೆ ಮೊದಲ ವಿಡಿಯೋ ಮತ್ತು ಕೊನೆಯ ವಿಡಿಯೋ ಎರಡನ್ನೂ ನಿಮ್ಮ ಡಾಕ್ಟರಿಗೆ ತೋರಿಸಿ, ಹೊಸ ತೂಕವನ್ನೂ ಹೇಳಿ. ಮಾತ್ರೆ ದಿನಾ ಬೇಕಾ, ದಿನ ಬಿಟ್ಟು ದಿನ ಸಾಕಾ, ಮಳೆಗಾಲಕ್ಕೆ ಮಾತ್ರ ಸಾಕಾ ಅನ್ನುವುದನ್ನು ಆಗ ಅವರೇ ಹೇಳುತ್ತಾರೆ. ಅಲ್ಲಿಯವರೆಗೆ ಊಟವಾದ ಮೇಲೆ, ಅವರು ಬರೆದ ಅಳತೆಯಲ್ಲೇ ಕೊಡುತ್ತಿರಿ.